ಕೋಡ್ ಹಾಕಿದಿರಿ, ಸರಿ. ಅದು ಎಲ್ಲಿಗೆ ಒಯ್ಯುತ್ತದೆ ಅಂತ ಬರೆದಿರಾ?

ಕಳೆದ ತಿಂಗಳು ಪಕ್ಕದ ಊರಿನ ಅರಿವು ಕೇಂದ್ರದಲ್ಲಿ ಒಂದು ಕವನ ಸಂಕಲನ ಕೈಗೆ ಸಿಕ್ಕಿತು. ಬರೆದವರು ನಮ್ಮ ತಾಲೂಕಿನವರೇ. ಸ್ವಂತ ದುಡ್ಡು ಹಾಕಿ ಅಚ್ಚು ಮಾಡಿಸಿದ್ದಾರೆ. ಹಿಂಬದಿಯ ರಕ್ಷಾಪುಟದಲ್ಲಿ ಒಂದು ಕ್ಯೂಆರ್ ಕೋಡ್, ಅದರ ಕೆಳಗೆ 'ಸ್ಕ್ಯಾನ್ ಮಾಡಿ' ಅಂತ ಎರಡೇ ಪದ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹಿರಿಯರಿಗೆ ತೋರಿಸಿದೆವು.

'ಬ್ಯಾಡ್ರಿ ತಮ್ಮಾ, ರೊಕ್ಕ ಹೋದ್ರ ಯಾರು ಕೊಡ್ತಾರ?' ಅಂದರು.

ನಾವು ನಕ್ಕು ಸ್ಕ್ಯಾನ್ ಮಾಡಿದೆವು. ಕವಿತೆ ಬರಲಿಲ್ಲ. ಈ ಕೋಡಿನ ಅವಧಿ ಮುಗಿದಿದೆ, ಮುಂದುವರಿಸಲು ಹಣ ಕಟ್ಟಿ ಎಂಬ ಇಂಗ್ಲಿಷ್ ಪುಟ ಬಂತು. ನಮ್ಮ ನಗು ಅಲ್ಲಿಗೇ ನಿಂತಿತು. ಹಿರಿಯರು ಪೇಪರಿನಿಂದ ತಲೆ ಎತ್ತದೆ 'ನಾ ಹೇಳಿದ್ನಿಲ್ಲೋ' ಅಂದರು.

ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇವೆ: ಹಳ್ಳಿ ಓದುಗರಿಗೆ ಡಿಜಿಟಲ್ ತಿಳಿವಳಿಕೆ ಸಾಲದು, ಅದಕ್ಕೇ ಕೋಡ್ ಬಳಸುವುದಿಲ್ಲ. ಈ ಮಾತನ್ನು ನಾವು ಒಪ್ಪುವುದಿಲ್ಲ. ಚಹಾದಂಗಡಿಯಲ್ಲಿ, ಸಂತೆಯ ತರಕಾರಿ ಬುಟ್ಟಿಯ ಮುಂದೆ ದಿನಾ ಸ್ಕ್ಯಾನ್ ಮಾಡುವವರು ಇದೇ ಜನ. ಅವರಿಗೆ ತಿಳಿದದ್ದು ಒಂದೇ, ಆದರೆ ಅದು ಸರಿಯಾದದ್ದು: ಈ ಕಪ್ಪು ಬಿಳಿ ಚೌಕ ಅಂದರೆ ಹಣ ಹೋಗುವ ಬಾಗಿಲು. ಪುಸ್ತಕದ ಮೇಲಿನದು ಬೇರೆ ಬಾಗಿಲು ಅಂತ ಹೇಳಬೇಕಾದವರು ಯಾರು? ಓದುಗರಲ್ಲ. ಬರೆದವರು, ಅಚ್ಚು ಮಾಡಿಸಿದವರು.

ಸತ್ತ ಕೋಡಿನ ಕಥೆ ಇಷ್ಟು. ಕೋಡಿನಲ್ಲಿ ಎರಡು ಬಗೆ. ಒಂದರಲ್ಲಿ ನಿಮ್ಮ ಪುಟದ ವಿಳಾಸ ನೇರವಾಗಿ ಆ ಚೌಕಗಳೊಳಗೇ ಇರುತ್ತದೆ. ಅದಕ್ಕೆ ಬಾಡಿಗೆ ಇಲ್ಲ, ಅವಧಿಯೂ ಇಲ್ಲ. ಪುಟ ಇರುವವರೆಗೂ ತೆರೆಯುತ್ತದೆ. ಇನ್ನೊಂದರಲ್ಲಿ ನಡುವಿನ ಯಾವುದೋ ಕಂಪನಿಯ ವಿಳಾಸ ಇರುತ್ತದೆ. ಓದುಗ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ನಿಮ್ಮ ಪುಟಕ್ಕೆ ಬರಬೇಕು. ಎಷ್ಟು ಜನ ಸ್ಕ್ಯಾನ್ ಮಾಡಿದರು ಅಂತ ಲೆಕ್ಕ ಸಿಗುತ್ತದೆ, ಪುಟವನ್ನು ಬೇಕಾದಾಗ ಬದಲಿಸಬಹುದು, ನಿಜ. ಆದರೆ ಬಾಡಿಗೆ ನಿಂತರೆ ಕೋಡೂ ನಿಲ್ಲಬಹುದು. ಡಿಟಿಪಿ ಅಂಗಡಿಯಲ್ಲಿ ಅವಸರಕ್ಕೆ 'ಫ್ರೀ' ಅಂತ ಮಾಡಿಕೊಡುವುದರಲ್ಲಿ ಈ ಎರಡನೆಯದು ಬಹಳ. ಪುಸ್ತಕ ಕಪಾಟಿನಲ್ಲಿ ಮೂವತ್ತು ವರ್ಷ ಬಾಳುತ್ತದೆ. ಅದರ ಬೆನ್ನ ಮೇಲೆ ಹದಿನಾಲ್ಕು ದಿನದ ಕೋಡ್ ಯಾಕೆ?

ಪರೀಕ್ಷೆ ಸುಲಭ. ಅಚ್ಚಿಗೆ ಕೊಡುವ ಮುನ್ನ ಸ್ಕ್ಯಾನ್ ಮಾಡಿ, ತೆರೆಯುವುದಕ್ಕೂ ಮೊದಲು ಮೊಬೈಲ್ ತೋರಿಸುವ ವಿಳಾಸ ಓದಿ. ಅದು ನಿಮ್ಮದೇ ಪುಟದ ಹೆಸರಾಗಿದ್ದರೆ ಸರಿ. ಗೊತ್ತಿಲ್ಲದ ಕಂಪನಿಯ ಹೆಸರು ಬಂದರೆ ವಾಪಸ್ ಕೊಡಿ. ಮತ್ತೆ ಅದನ್ನೇ ಬೇರೆಯವರ ಮೊಬೈಲಿನಲ್ಲೂ ನೋಡಿ. ಡ್ರೈವ್‌ಗೆ ಹಾಕಿದ ಕಥೆ ನಿಮಗೆ ತೆರೆಯುತ್ತದೆ, ಓದುಗರಿಗೆ ಮಾತ್ರ 'ಅನುಮತಿ ಕೇಳಿ' ಅನ್ನುತ್ತದೆ. ಯಾರು ಕೇಳುತ್ತಾ ಕೂರುತ್ತಾರೆ?

ಹಣದ ಕೋಡಿನ ವಿಷಯದಲ್ಲಿ ನಮಗೆ ಇನ್ನೂ ಸಿಟ್ಟಿದೆ. ಕೆಲವು ಲೇಖಕರು ಓದುವ ಕೋಡ್ ಮತ್ತು ಯುಪಿಐ ಕೋಡ್ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿಸುತ್ತಾರೆ, ಯಾವುದು ಯಾವುದೆಂದು ಬರೆಯುವುದಿಲ್ಲ. ನಂಬಿ ಇನ್ನೂರು ರೂಪಾಯಿ ಹಾಕಿದ ಓದುಗರ ವಿಳಾಸ ಲೇಖಕರಿಗೆ ಹೇಗೆ ಗೊತ್ತಾಗಬೇಕು? ಹಣ ಬಂತು, ಪುಸ್ತಕ ಹೋಗಲಿಲ್ಲ. ಬೇಕೆಂದು ಮಾಡಿದ ಮೋಸ ಅಲ್ಲ, ಆದರೆ ಕಳೆದುಕೊಂಡವರಿಗೆ ಎರಡೂ ಒಂದೇ. ಹಣದ ಕೋಡ್ ಇದ್ದರೆ ಪರದೆಯ ಮೇಲೆ ಯಾರ ಹೆಸರು ಬರಬೇಕು, ವಿಳಾಸ ಎಲ್ಲಿಗೆ ಕಳಿಸಬೇಕು ಅಂತ ಪಕ್ಕದಲ್ಲೇ ಬರೆಯಿರಿ.

ಓದುಗರಿಗೂ ಒಂದು ಮಾತು. ಪಿನ್ ಒತ್ತುವ ಮುನ್ನ ಹೆಸರು ನೋಡಿ. ಮೂಲ ಕೋಡಿನ ಮೇಲೆ ಬೇರೆ ಸ್ಟಿಕರ್ ಅಂಟಿಸಿ ಹಣ ಹೊಡೆಯುವವರಿದ್ದಾರೆ. 'ಬಹುಮಾನ ಬಂದಿದೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂದರೆ ಅದು ಸುಳ್ಳು. ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನು ನಂಬರಿನ ಮಾತು. ಪುಸ್ತಕದಲ್ಲಿ ಮೊಬೈಲ್ ನಂಬರ್ ಹಾಕಿದ ಅಕ್ಕಂದಿರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆಗಳ ಬಗ್ಗೆ ಅವರನ್ನೇ ಕೇಳಿ. ನಂಬರ್ ಕೊಡದೆ ಓದುಗರ ಜೊತೆ ಮಾತಾಡುವ ದಾರಿ ಕ್ಯೂಆರ್ ಆಗಬಹುದಿತ್ತು. ಆದರೆ ಮಾಡುವುದೇನು? ವಾಟ್ಸಾಪ್ ಕೋಡ್ ಹಾಕುತ್ತಾರೆ. ಅದರಲ್ಲಿ ಮಾತಾಡಿದರೆ ನಂಬರ್ ಗೊತ್ತಾಗುತ್ತದೆ. ಗುಂಪಿಗೆ ಸೇರಿಸುವ ಕೋಡ್ ಆದರೆ, ಸಾಮಾನ್ಯ ಗುಂಪಿನಲ್ಲಿ ಓದುಗರ ನಂಬರ್ ಕೂಡ ಅಲ್ಲಿರುವ ಎಲ್ಲರ ಕೈ ಸೇರುತ್ತದೆ. ಒಂದು ಕವಿತೆ ಓದಲು ಹೆಸರು, ನಂಬರ್, ಊರು ತುಂಬಿಸಿಕೊಳ್ಳುವ ಫಾರಂ ಕೂಡ ನೋಡಿದ್ದೇವೆ. ಕವಿತೆಗೂ ರೇಷನ್ ಕಾರ್ಡಿಗೂ ವ್ಯತ್ಯಾಸ ಬೇಡವೇ? ಓದಲು ಏನನ್ನೂ ಕೇಳದ ಒಂದು ಪುಟ, ಅದರಲ್ಲಿ ಪತ್ರ ಬರೆಯಲು ಒಂದು ಇಮೇಲ್, ಇಷ್ಟು ಸಾಕು.

ಗಳಗನಾಥರು ತಮ್ಮ ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಹೊರೆಯ ಹಿಂದೆ ಒಂದು ಮುಖ ಇತ್ತು, ಪುಸ್ತಕ ಚೆನ್ನಾಗಿಲ್ಲದಿದ್ದರೆ ಎದುರಿಗೇ ಹೇಳಬಹುದಿತ್ತು. ಜಪಾನಿನಲ್ಲಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ ಈ ಚೌಕಕ್ಕೆ ಮುಖ ಇಲ್ಲ. ಆದ್ದರಿಂದ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು ಬೇಕು: 'ಇದರಲ್ಲಿ ಮೊದಲ ಕಥೆ ಓದಬಹುದು, ಹಣ ಕೇಳುವುದಿಲ್ಲ.' ಅದರ ಕೆಳಗೆ ಅದೇ ವಿಳಾಸ ಅಕ್ಷರದಲ್ಲೂ ಇರಲಿ, ಜೊತೆಗೆ ಪುಸ್ತಕ ಸಿಗುವ ಅಂಗಡಿಯ ಹೆಸರೂ ಇರಲಿ. ಬಟನ್ ಮೊಬೈಲ್ ಇರುವವರೂ ಓದುಗರೇ ತಾನೆ.

ಇಷ್ಟೆಲ್ಲ ಹೇಳುವ ನಾವು ಶುದ್ಧರೇನಲ್ಲ. ಎರಡು ವರ್ಷದ ಹಿಂದೆ ನಮ್ಮ ಗೆಳೆಯರ ಬಳಗ ಮಾಡಿದ ಕೆರೆಗಳ ಪುಸ್ತಿಕೆಯಲ್ಲೂ ಬಾಡಿಗೆ ಕೋಡೇ ಇತ್ತು. ಕವನ ಸಂಕಲನ ನೋಡಿ ಮನೆಗೆ ಬಂದ ದಿನ ನಮ್ಮದನ್ನು ಸ್ಕ್ಯಾನ್ ಮಾಡಿದೆವು. ಅದೂ ಸತ್ತಿತ್ತು. ಉಳಿದ ನಲವತ್ತು ಪ್ರತಿಗಳಿಗೆ ಹೊಸ ಕೋಡಿನ ಚೀಟಿ ಅಂಟಿಸುತ್ತಿದ್ದೇವೆ. ಮಾರಿಹೋದವು ನಿಮ್ಮ ಮನೆಯಲ್ಲಿದ್ದರೆ ತಂದುಕೊಡಿ, ಅವಕ್ಕೂ ಅಂಟಿಸಿಕೊಡುತ್ತೇವೆ.