ಹಳೆಯ ಟ್ರ್ಯಾಕ್ಟರಿಗೂ ರೋಗನಿದಾನ ಬೇಕು

ಅಮೆರಿಕದ ಫೋರ್ಡ್ ಸಂಸ್ಥೆಯು 1939ರಲ್ಲಿ 9ಎನ್ ಎಂಬ ಸಣ್ಣ ಟ್ರ್ಯಾಕ್ಟರನ್ನು ಹೊರತಂದಿತು. ಅದರ ಸಂತತಿಗೆ ಸೇರಿದ 8ಎನ್ ಮಾದರಿಯ ಯಂತ್ರಗಳು 1947ರಿಂದ 1952ರ ವರೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದುವು. ಅವುಗಳಲ್ಲಿ ಹಲವು ಇಂದಿಗೂ ಆ ದೇಶದ ಸಣ್ಣ ಹಿಡುವಳಿಗಳಲ್ಲಿ ಹುಲ್ಲು ಕೊಯ್ಯುತ್ತ, ಚಳಿಗಾಲದಲ್ಲಿ ಹಿಮವನ್ನು ತಳ್ಳುತ್ತ ದುಡಿಯುತ್ತಿವೆ. ಎಪ್ಪತ್ತು ವರ್ಷ ದಾಟಿದ ಇಂಥ ಯಂತ್ರವು ಒಂದು ದಿನ ಹೊರಡಲೊಲ್ಲದೆ ನಿಂತಿತೆಂದರೆ, ಎಂಜಿನಿನ ಸಿಲಿಂಡರುಗಳಿಗೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮೇಲೆ ಅನುಮಾನ ಬೀಳುತ್ತದೆ. ಆಗ ಒಡೆಯನು ಪಾಯಿಂಟು, ಕಂಡೆನ್ಸರು, ಕಾಯಿಲು, ರೋಟರು, ಮುಚ್ಚಳ ಎಲ್ಲವನ್ನೂ ಒಮ್ಮೆಗೇ ಬದಲಾಯಿಸುವುದು ವಾಡಿಕೆಯಾಗಿದೆ. ಇದು ಚಿಕಿತ್ಸೆಯಲ್ಲ, ನಿದಾನವಿಲ್ಲದೆ ಮದ್ದು ಕುಡಿಸುವ ಕ್ರಮ ಎಂಬುದು ನನ್ನ ಅಭಿಪ್ರಾಯ.

ಈ ಉಪಕರಣದ ತತ್ತ್ವವು ಸರಳವಾದುದು. ಪಾಯಿಂಟುಗಳೆಂಬ ಎರಡು ಲೋಹದ ತುದಿಗಳು ಕೂಡಿರುವಾಗ ಬ್ಯಾಟರಿಯ 6 ವೋಲ್ಟಿನ ಪ್ರವಾಹವು ಕಾಯಿಲಿನ ಮೊದಲ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವನ್ನುಂಟುಮಾಡುತ್ತದೆ. ತಿರುಗುವ ಕ್ಯಾಮಿನ ಉಬ್ಬು ಆ ತುದಿಗಳನ್ನು ಅಗಲಿಸಿದೊಡನೆ ಪ್ರವಾಹ ಕಡಿದು ಕಾಂತಕ್ಷೇತ್ರವು ಕುಸಿಯುತ್ತದೆ. ಸಾವಿರಾರು ಸುತ್ತುಗಳ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟುತ್ತವೆ. ಅದನ್ನು ರೋಟರು 1-2-4-3 ಎಂಬ ಕ್ರಮದಲ್ಲಿ ನಾಲ್ಕು ಸಿಲಿಂಡರುಗಳ ಪ್ಲಗ್ಗುಗಳಿಗೆ ಒಯ್ದು ಮುಟ್ಟಿಸುತ್ತದೆ. ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪಾಯಿಂಟುಗಳು ನಿಮಿಷಕ್ಕೆ 4000 ಸಲ ತೆರೆದು ಮುಚ್ಚಬೇಕು. ಇಷ್ಟೊಂದು ದುಡಿಯುವ ಅಂಗವು ಸವೆದರೆ ಆಶ್ಚರ್ಯವಿಲ್ಲ. ಆದರೆ ಆ ಸವೆತವನ್ನು ಕಣ್ಣಿನಿಂದ ಕಾಣಬಹುದು, ಅಳೆಯಬಹುದು.

ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿನ ಪಾಯಿಂಟುಗಳ ಮೇಲೆ ತೆಳುವಾದ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಕೇವಲ 6 ವೋಲ್ಟಿನ ಒತ್ತಡಕ್ಕೆ ಈ ಪೊರೆಯೇ ಗೋಡೆಯಾಗಬಲ್ಲುದು. ಎಣ್ಣೆಯ ಪಸೆಯಿಲ್ಲದ ಕಾಗದದ ಪಟ್ಟಿಯನ್ನು ತುದಿಗಳ ನಡುವೆ ಎಳೆದರೆ ಎಷ್ಟೋ ಸಲ ಕಿಡಿ ಮರಳುತ್ತದೆ. ಹೊಸ ಬಿಡಿಭಾಗವನ್ನು ಕೊಂಡವನು ಇಲ್ಲಿ ಕಾಗದದ ಚೂರಿಗೆ ಬದಲಾಗಿ ಹಣ ತೆತ್ತಂತಾಯಿತು.

ಎರಡನೆಯದು ಅಂತರದ ಪ್ರಶ್ನೆ. 1950ರಲ್ಲಿ 263844ನೆಯ ಕ್ರಮಸಂಖ್ಯೆಯಿಂದ ಮುಂದಕ್ಕೆ 8ಎನ್‌ನ ಡಿಸ್ಟ್ರಿಬ್ಯೂಟರು ಎಂಜಿನಿನ ಮುಂಭಾಗದಿಂದ ಪಕ್ಕಕ್ಕೆ ಬಂದಿತು. ಮುಂಭಾಗದ್ದರಲ್ಲಿ ಪಾಯಿಂಟುಗಳು ಪೂರ್ಣ ತೆರೆದಾಗ ಅಂತರ 0.015 ಅಂಗುಲ, ಪಕ್ಕದ್ದರಲ್ಲಿ 0.025 ಅಂಗುಲ ಇರಬೇಕು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಿಡಿದರೆ ಹೊಸ ಪಾಯಿಂಟೂ ಸರಿಯಾಗಿ ನಡೆಯದು. ಅಳೆಯುವಾಗ ಕ್ಯಾಮಿನ ಒಂದೇ ಉಬ್ಬಿಗೆ ತೃಪ್ತರಾಗದೆ ನಾಲ್ಕರಲ್ಲಿಯೂ ನೋಡಬೇಕು. ನಾಲ್ಕು ಅಂತರಗಳು ಬೇರೆಬೇರೆಯಾಗಿದ್ದು, ದಂಡವನ್ನು ಬೆರಳಿನಿಂದ ಒತ್ತಿದಾಗ ಅತ್ತಿತ್ತ ಅಲುಗಾಡಿದರೆ, ರೋಗವಿರುವುದು ಪಾಯಿಂಟಿನಲ್ಲಲ್ಲ, ದಂಡವನ್ನು ಹಿಡಿದಿರುವ ಬುಷ್ಷಿನಲ್ಲಿ. ಅದನ್ನು ಬಿಟ್ಟು ಪಾಯಿಂಟನ್ನು ಎಷ್ಟು ಸಲ ಬದಲಾಯಿಸಿದರೂ ಎಂಜಿನು ಕೆಮ್ಮುವುದು ತಪ್ಪದು. ಮುಚ್ಚಳದ ಒಳಮೈಯಲ್ಲಿ ಕೂದಲೆಳೆಯಂಥ ಕರಿಯ ಗೆರೆ ಕಂಡರೆ ಕಿಡಿಯು ಅಡ್ಡದಾರಿ ಹಿಡಿದಿದೆಯೆಂದು ತಿಳಿಯಬೇಕು.

ಎಲ್ಲವನ್ನೂ ಹೊಸದು ಮಾಡಿದರೆ ಚಿಂತೆಯೇ ಇಲ್ಲವಲ್ಲ ಎಂದು ಕೆಲವರು ಕೇಳಬಹುದು. ಹೊಸದೆಂಬ ಮಾತ್ರಕ್ಕೆ ವಸ್ತುವು ನಿರ್ದೋಷವಾಗಿರಬೇಕೆಂಬ ನಿಯಮವಿಲ್ಲ. ಚೆನ್ನಾಗಿದ್ದ ಕಂಡೆನ್ಸರನ್ನು ತೆಗೆದು ದೋಷವುಳ್ಳ ಹೊಸದನ್ನು ಕೂಡಿಸಿದವನಿಗೆ ಒಂದು ತೊಂದರೆಯ ಬದಲು ಎರಡಾದುವು. ಐದು ಭಾಗಗಳನ್ನು ಒಟ್ಟಿಗೆ ಬದಲಿಸಿದಾಗ ಯಂತ್ರವು ನಡೆದರೂ ಕಾರಣ ತಿಳಿಯುವುದಿಲ್ಲ, ನಡೆಯದಿದ್ದರೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದು ಪ್ರಯೋಗಶಾಲೆಯ ಮೊದಲ ಪಾಠ. ಹೊಲದ ಬದುವಿನಲ್ಲಿಯೂ ಅದು ಅಷ್ಟೇ ಸತ್ಯ.

ಪಾಯಿಂಟುಗಳನ್ನೇ ಕಿತ್ತು ಎಲೆಕ್ಟ್ರಾನಿಕ್ ಸಾಧನವನ್ನು ಕೂಡಿಸುವ ಪದ್ಧತಿಯೂ ಇಂದು ಬಳಕೆಯಲ್ಲಿದೆ. ಅದರಲ್ಲಿ ಉಜ್ಜಿ ಸವೆಯುವ ತುದಿಗಳಿಲ್ಲ. ದಿನವಿಡೀ ದುಡಿಯುವ ಯಂತ್ರಕ್ಕೆ ಅದು ನಿಜವಾಗಿ ಉಪಕಾರಿ. ಆದರೆ ಬಿರುಕುಬಿಟ್ಟ ಮುಚ್ಚಳವನ್ನಾಗಲಿ ಸಡಿಲವಾದ ತಂತಿಯನ್ನಾಗಲಿ ಅದು ಗುಣಪಡಿಸಲಾರದು. ಈ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಧನ ಧ್ರುವವು ಚೌಕಟ್ಟಿಗೆ ಸೇರಿರುತ್ತದೆ. ಇದನ್ನರಿಯದೆ ತಿರುವುಮುರುವಾಗಿ ಜೋಡಿಸಿದರೆ ಸಾಧನವು ಕ್ಷಣದಲ್ಲಿ ಹಾಳಾಗಬಹುದು. ಪಾಯಿಂಟು ಕೆಡುವಾಗ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟು ಕೆಡುತ್ತದೆ, ಉಜ್ಜಿದರೆ ಮನೆ ಮುಟ್ಟುವಷ್ಟು ದೂರವಾದರೂ ನಡೆಯುತ್ತದೆ. ಮುಚ್ಚಿದ ಸಾಧನವು ಕೆಟ್ಟರೆ ಹೊಲದಲ್ಲಿ ಮಾಡಬಹುದಾದುದು ಏನೂ ಇಲ್ಲ. 6 ವೋಲ್ಟಿನಿಂದ 12ಕ್ಕೆ ಬದಲಾಯಿಸುವವರೂ ಎಚ್ಚರವಹಿಸಬೇಕು: ಹೆಚ್ಚಿದ ಪ್ರವಾಹವನ್ನು ತಡೆಯಲು ತಕ್ಕ ರೋಧಕವನ್ನಾಗಲಿ 12 ವೋಲ್ಟಿನ ಕಾಯಿಲನ್ನಾಗಲಿ ಹಾಕದಿದ್ದರೆ ಪಾಯಿಂಟೂ ಕಾಯಿಲೂ ಸುಟ್ಟುಹೋಗುತ್ತವೆ.

ಬದಲಾವಣೆಯೇ ಕೂಡದೆಂಬುದು ನನ್ನ ವಾದವಲ್ಲ. ಸವೆದುದನ್ನು ಬದಲಿಸಲೇಬೇಕು, ಆದರೆ ಸವೆದಿದೆಯೆಂದು ಮೊದಲು ತಿಳಿದುಕೊಳ್ಳಬೇಕು. ಈ ಯಂತ್ರಗಳು ಇಷ್ಟು ಕಾಲ ಬದುಕಿದುದು ಅವು ಕೆಡದಿದ್ದುದರಿಂದಲ್ಲ, ಕೆಟ್ಟಾಗ ಒಕ್ಕಲಿಗನೇ ಬಿಚ್ಚಿ ನೋಡಿ ಅರ್ಥಮಾಡಿಕೊಳ್ಳಬಹುದಾಗಿದ್ದುದರಿಂದ. ಬಿಡಿಭಾಗಗಳನ್ನು ಇನ್ನು ಮುಂದೆಯೂ ಯಾರಾದರೂ ತಯಾರಿಸಿಯಾರು. ಅಂತರವನ್ನು ಅಳೆದು ದೋಷವನ್ನು ಗುರುತಿಸುವ ವಿವೇಕವನ್ನು ಮಾತ್ರ ಒಬ್ಬರು ಇನ್ನೊಬ್ಬರಿಗೆ ಕಲಿಸದಿದ್ದರೆ, ಯಂತ್ರಕ್ಕಿಂತ ಮೊದಲೇ ಅದು ಕಣ್ಮರೆಯಾಗುವುದು.