ಪ್ಯಾಡ್ ಬದಲಾಯಿತು, ರೋಗ ಹಾಗೇ ಉಳಿಯಿತು!

"ಪ್ಯಾಡ್ ಹಾಕ್ಸಿ ಇನ್ನೂ ನಾಲ್ಕು ತಿಂಗಳಾಗಿಲ್ಲ, ಆಗಲೇ ಕಿರ್ರೋ ಅಂತ ಅರಚ್ತಾ ಇದೆ ಸ್ವಾಮಿ!"

ಹೊಳಲ್ಕೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮಿತ್ರರೊಬ್ಬರು ಮೊನ್ನೆ ಹೀಗೆ ಗೋಳು ತೋಡಿಕೊಂಡರು. ಅವರದು ಸೆಕೆಂಡ್ ಹ್ಯಾಂಡ್ ಕಾರು. ವಾರಕ್ಕೆರಡು ಸಲ ಸಾಮಾನು ತರಲು ದುರ್ಗಕ್ಕೆ, ತಿಂಗಳಿಗೊಮ್ಮೆ ಹಿರಿಯೂರಿನ ಬೀಗರ ಮನೆಗೆ, ಇಷ್ಟೇ ಓಡಾಟ. ಆದರೂ ಒಂದೇ ವರ್ಷದಲ್ಲಿ ಮೂರು ಜೊತೆ ಪ್ಯಾಡು! ಪ್ರತಿ ಸಲವೂ ವರ್ಕ್‌ಶಾಪಿನವರ ಮಾತು ಒಂದೇ: "ಮಾಲು ಸರಿ ಇರಲಿಲ್ಲ, ಬೇರೆ ಹಾಕ್ತೀವಿ ಬಿಡಿ."

ಮುಂದಿನ ಚಕ್ರದ ಪ್ಯಾಡು ಸಾಮಾನ್ಯವಾಗಿ 30ರಿಂದ 50 ಸಾವಿರ ಕಿ.ಮೀ. ಬಾಳಬೇಕು. ನಾಲ್ಕೇ ತಿಂಗಳಲ್ಲಿ ಸವೆದರೆ ಮಾಲನ್ನು ಬೈಯುವ ಮೊದಲು ಬಿಚ್ಚಿದ ಹಳೇ ಪ್ಯಾಡನ್ನು ಕೈಗೆ ತೆಗೆದುಕೊಂಡು ನೋಡಬೇಕು. ರೋಗ ಅದರ ಮೈಮೇಲೇ ಬರೆದಿರುತ್ತದೆ. ಓದುವವರು ಯಾರು?

ಈಗಿನ ಬಹುಪಾಲು ಕಾರುಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು. ತಿರುಗುವ ಬೀಡುಕಬ್ಬಿಣದ ತಟ್ಟೆ, ಅದರ ಎರಡೂ ಮಗ್ಗುಲಿಗೆ ಒಂದೊಂದು ಪ್ಯಾಡು. ಪೆಡಲ್ ಒತ್ತಿದಾಗ ಪಿಸ್ಟನ್ನು ಒಳಗಿನ ಪ್ಯಾಡನ್ನು ತಳ್ಳುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಆ ಪಿನ್ನುಗಳಿಗೆ ತುಕ್ಕು ಹಿಡಿದು, ಗ್ರೀಸ್ ಒಣಗಿತು ಅನ್ನಿ, ಕ್ಯಾಲಿಪರ್ ಜಾರುವುದಿಲ್ಲ. ಇಬ್ಬರು ಹೊರುವ ಮೂಟೆ ಒಬ್ಬನ ಹೆಗಲಿಗೆ! ಒಳಗಿನ ಪ್ಯಾಡು ಸವೆದು ತಗಡಾಗುತ್ತದೆ, ಹೊರಗಿನದು ಹೊಸದರ ಹಾಗೇ ಉಳಿಯುತ್ತದೆ.

ಒಂದೇ ಪ್ಯಾಡು ಬೆಣೆಯ ಹಾಗೆ ಓರೆಯಾಗಿ ಸವೆದಿದ್ದರೆ ಒಂದು ಪಿನ್ನು ಬಿಗಿದಿರಬಹುದು, ಇಲ್ಲವೇ ಪ್ಯಾಡು ಕೂರುವ ಗಾಡಿಯಲ್ಲಿ ಧೂಳು, ತುಕ್ಕು ಕಟ್ಟಿರಬಹುದು. ಎಡಗಡೆ ಸವೆದು ಬಲಗಡೆ ಸವೆಯದಿದ್ದರೆ ಪಿಸ್ಟನ್ನು ಹಿಂದಕ್ಕೆ ಬಾರದೆ ಕಚ್ಚಿರಬಹುದು, ಇಲ್ಲವೇ ರಬ್ಬರ್ ಹೋಸ್ ಒಳಗೇ ಊದಿ ಆಯಿಲನ್ನು ಹಿಂದಕ್ಕೆ ಬಿಡದಿರಬಹುದು. ನಾಲ್ಕೂ ಸಮನಾಗಿ ಬೇಗ ಸವೆದಿದ್ದರೆ ಆಗ ಮಾಲನ್ನೂ ಅನುಮಾನಿಸಿ, ಡ್ರೈವರನ ಕಾಲನ್ನೂ ಅನುಮಾನಿಸಿ. ಪೆಡಲಿನ ಮೇಲೆ ಸದಾ ಪಾದ ಇಟ್ಟೇ ಓಡಿಸುವ ಮಹನೀಯರು ನಮ್ಮಲ್ಲಿ ಕಡಿಮೆಯೇ? ಹಿಂದಿನ ಡ್ರಮ್ ಬ್ರೇಕು ಸಡಿಲವಾಗಿದ್ದರೂ ಭಾರವೆಲ್ಲ ಮುಂದಕ್ಕೇ.

ಪರೀಕ್ಷೆಗೆ ದೊಡ್ಡ ಮಿಷನ್ ಬೇಕಿಲ್ಲ. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಚಕ್ರಗಳ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು! ಮುಂದಿನ ಎರಡರಲ್ಲಿ ಒಂದು ಮಾತ್ರ ಕಾವಲಿಯ ಹಾಗೆ ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದೇ ಇದೆ. ಮೆಕ್ಯಾನಿಕ್ಕು ಜಾಕ್ ಕೊಟ್ಟು ಚಕ್ರ ತಿರುಗಿಸಿ ನೋಡಲಿ. ಬಿಗಿಯಾಗಿದ್ದರೆ ಬ್ಲೀಡರ್ ಸ್ಕ್ರೂ ಸಡಿಲಿಸಲಿ. ತಕ್ಷಣ ಚಕ್ರ ಬಿಟ್ಟುಕೊಂಡರೆ ದೋಷ ಹೋಸಿನ ಕಡೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಕಡೆ. ಆಗಲೂ ಬಿಡದಿದ್ದರೆ ಪಿಸ್ಟನ್ನೋ ಪಿನ್ನೋ ಕಚ್ಚಿದೆ. ಇಷ್ಟಕ್ಕೆ ಎಷ್ಟು ಹೊತ್ತು ಬೇಕು?

ನಮ್ಮ ರಸ್ತೆಗಳೂ ಸಾಚಾ ಏನಲ್ಲ. ಭೀಮಸಮುದ್ರದ ಕಡೆ ಅದಿರಿನ ಕೆಂಧೂಳು, ಹೊಸದುರ್ಗದ ದಾರಿಯಲ್ಲಿ ಊರಿಗೆರಡು ಹಂಪು. ಹಿರಿಯೂರಿನ ಹೆದ್ದಾರಿಗೆ ಬಂದರಂತೂ ಎಲ್ಲರಿಗೂ ನೂರರ ಮೇಲೇ ಪ್ರಾಣ. ವೇಗ ಎರಡರಷ್ಟಾದರೆ ಗಾಡಿ ನಿಲ್ಲಿಸಲು ಬ್ರೇಕು ಮಾಡಬೇಕಾದ ಕೆಲಸ ನಾಲ್ಕರಷ್ಟು ಅನ್ನುವುದು ನೆನಪಿರಲಿ.

ತಪ್ಪು ಬರೀ ವರ್ಕ್‌ಶಾಪಿನದೇ? ಅಲ್ಲ. "ಎಷ್ಟಾಗುತ್ತೆ? ಬೇಗ ಹಾಕಿ ಕಳಿಸಪ್ಪ" ಅನ್ನುವವರು ನಾವೇ. ಪಿನ್ ಬಿಚ್ಚಿ, ತೊಳೆದು, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚುವ ಕೂಲಿಗೆ ಚೌಕಾಶಿ ಮಾಡುವವರೂ ನಾವೇ. ಆ ಹುಡುಗ ಡಬ್ಬಿಯಲ್ಲಿದ್ದ ಮಾಮೂಲಿ ಗ್ರೀಸ್ ಬಳಿದು ಕಳಿಸುತ್ತಾನೆ. ಪಿನ್ನಿನ ರಬ್ಬರು ಊದಿಕೊಂಡು ಮತ್ತೆ ಅದೇ ರಾಮಾಯಣ. ಉಳಿಸಿದ್ದು ನೂರು, ಕಳೆದದ್ದು ಸಾವಿರ.

"ನಾವು ಬಸ್ಸಿನಲ್ಲಿ ಓಡಾಡೋರು, ನಮಗೇನು?" ಅನ್ನಬೇಡಿ. ಬಸ್ಸು ತಪ್ಪಿದ ದಿನ ನೀವು ಹತ್ತುವ ಬಾಡಿಗೆ ಕಾರಿಗೂ ಇದೇ ಪ್ಯಾಡು. ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಿಡಿಯದ ಗಾಡಿ, ಜೋರಾಗಿ ಬ್ರೇಕು ಒತ್ತಿದಾಗ ಪಕ್ಕಕ್ಕೆ ಎಳೆಯುತ್ತದೆ. ಆ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಾ ನಿಂತವರು ಯಾರು? ನೀವೇ, ನಿಮ್ಮ ಮಕ್ಕಳೇ!

ಹೊಳಲ್ಕೆರೆಯ ಮಿತ್ರರ ಕಥೆ ಏನಾಯಿತು ಅಂದಿರಾ? ಕೊನೆಗೆ ಒಬ್ಬ ಹಳೇ ಮೇಸ್ತ್ರಿ ಎಡ ಚಕ್ರ ಬಿಚ್ಚಿ, ತುಕ್ಕು ಹಿಡಿದು ಕಚ್ಚಿದ್ದ ಪಿನ್ನನ್ನು ಅವರ ಅಂಗೈಯಲ್ಲಿಟ್ಟರು. ಮೂರು ಜೊತೆ ಪ್ಯಾಡು ನುಂಗಿದ ಕಳ್ಳ, ಬೆರಳುದ್ದದ ಒಂದು ಪಿನ್ನು!

ಆದ್ದರಿಂದ ಮುಂದಿನ ಸಲ ಪ್ಯಾಡು ಹಾಕಿಸುವಾಗ ಹಳೇ ಪ್ಯಾಡುಗಳನ್ನು ಕೇಳಿ ಪಡೆಯಿರಿ. ಒಳಗಿನದು, ಹೊರಗಿನದು, ಎಡದ್ದು, ಬಲದ್ದು, ನಾಲ್ಕನ್ನೂ ಸಾಲಾಗಿಟ್ಟು ನೋಡಿ. ಸಮ ಇಲ್ಲದಿದ್ದರೆ "ಯಾಕೆ?" ಅಂತ ಕೇಳಿ. ಉತ್ತರ ಬರುವವರೆಗೂ ಕೀಲಿ ಕೈಗೆ ತೆಗೆದುಕೊಳ್ಳಬೇಡಿ.