ಮಳೆಗಾಲದ ಕೊಡೆಯ ಬೆಲೆ

ಶಾಲೆ ತೆರೆದ ಬೆನ್ನಿಗೇ ಮೃಗಶಿರಾ ಮಳೆ. ಕುಪ್ಪಳ್ಳಿ ಕಡೆಯ ಪಾಲಕರು ಮಕ್ಕಳಿಗೆ ಕೊಡೆ ಕೊಳ್ಳಲು ತೀರ್ಥಹಳ್ಳಿಗೋ ಕೊಪ್ಪಕ್ಕೋ ಹೊರಡುವುದು ಆಗಲೇ. ಹತ್ತಿರದ ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಬೆಲೆ ಹೆಚ್ಚೆಂದು ಮಕ್ಕಳನ್ನು ನೆನೆಯಲು ಬಿಡುವವರುಂಟೇ? ಬೆಲೆ ಏರಿದರೂ ಅಷ್ಟಾಗಿ ಕುಗ್ಗದ ಇಂಥ ಬೇಡಿಕೆಗೆ ಸ್ಥಿತಿಸ್ಥಾಪಕತ್ವ ಕಡಿಮೆ ಎನ್ನುತ್ತಾರೆ. ವಿದ್ಯಾರ್ಥಿಗಳು ಸ್ಪ್ರಿಂಗಿನ ಪಾಠದಲ್ಲಿ ಓದಿದ ಪದವೇ ಇದು!

ಹಾಗೆಂದು ಅಂಗಡಿಯವರು ಮನಸ್ಸಿಗೆ ಬಂದಷ್ಟು ಕೇಳುವಂತಿಲ್ಲ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯನ್ನು ಮೀರಿ ಮಾರುವುದು 2011ರ ನಿಯಮದಂತೆ ತಪ್ಪು. ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಆದ್ದರಿಂದ ಜೂನ್‌ನಲ್ಲಿ ಬೆಲೆ ಏರಿತು ಅನ್ನಿಸಿದರೆ, ಹಲವು ಸಲ ನಿಂತಿರುವುದು ರಿಯಾಯಿತಿ ಅಷ್ಟೇ. ಪಕ್ಕದ ಅಂಗಡಿಯ ಭಯವೂ ಉಂಟು. ಸಣ್ಣ ಊರಿನಲ್ಲಿ ಮುಖಪರಿಚಯದ ಗಿರಾಕಿ ಒಮ್ಮೆ ಮುನಿದರೆ ಅಕ್ಕಿ, ಬೇಳೆಯ ವ್ಯಾಪಾರವೂ ಕೈತಪ್ಪೀತು.

ವರಮಹಾಲಕ್ಷ್ಮಿ ಹಬ್ಬದ ಹೂವಿಗಾದರೋ ಅಚ್ಚಾದ ಬೆಲೆಯೇ ಇಲ್ಲ. ಬೆಳಿಗ್ಗೆ ಏರಿದ ದರ ಕತ್ತಲಾಗುತ್ತ ಇಳಿಯುತ್ತದೆ. ಉಳಿದರೆ ನಾಳೆಗೆ ಬಾಡುತ್ತದಲ್ಲ! ಕೊಡೆ ಬಾಡುವುದಿಲ್ಲ, ಆದರೆ ಮಲೆನಾಡಿನ ತೇವಕ್ಕೆ ಅದರ ಕಡ್ಡಿ ತುಕ್ಕು ಹಿಡಿಯುತ್ತದೆ, ಹಾಕಿದ ದುಡ್ಡೂ ಸಿಕ್ಕಿಬೀಳುತ್ತದೆ. ಹಾಗಾಗಿ ದಸರೆ ಕಳೆದ ಮೇಲೆ ಚೌಕಾಸಿಗೆ ಒಳ್ಳೆಯ ಕಾಲ. ಆಗ ರೇನ್‌ಕೋಟು ಕೊಂಡಿಟ್ಟರೆ ಮುಂದಿನ ಜೂನ್‌ಗೆ ತೋಳು ಮೊಣಕೈಗೆ ಬಂದಿರುತ್ತದೆ. ಕೊಡೆಗೆ ಆ ತಾಪತ್ರಯವಿಲ್ಲ.